ಇವತ್ತು ಡಾಕ್ಟ್ರು ಇದ್ದಾರಾ?

ಮೂವತ್ತೇಳು ಸಂದೇಶಗಳಿದ್ದವು. ಒಂದನ್ನೂ ಯಾರೂ ತೆರೆದು ನೋಡಿರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ತಂಗಿಯ ಫಿಸಿಯೋಥೆರಪಿ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ತಂಗಿ ಎಂದರೆ ಚಿಕ್ಕಮ್ಮನ ಮಗಳು. ಅವಳ ಹಳೆಯ ವೆಬ್‌ಸೈಟಿನಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂದು ಒಂದು ಅರ್ಜಿ ಇತ್ತು. ಹೆಸರು, ವಯಸ್ಸು, ಫೋನ್ ನಂಬರ್, ಏನು ತೊಂದರೆ ಎಂದು ತುಂಬಿಸಿ ಕಳಿಸುವುದು. ಅದು ಹೋಗಿ ಬೀಳುತ್ತಿದ್ದದ್ದು ಸೈಟ್ ಮಾಡಿಕೊಟ್ಟವರು ತೆರೆದಿದ್ದ ಒಂದು ಇಮೇಲ್ ಖಾತೆಗೆ. ಅದರ ಪಾಸ್‌ವರ್ಡ್ ನಮ್ಮ ಕೈಗೆ ಬಂದದ್ದೇ ಅವತ್ತು.

ಅದರಲ್ಲಿ ಒಂದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದದ್ದು. ಅಪ್ಪನಿಗೆ ಪಕ್ಷವಾತ ಆಗಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ಎಡಗೈ ಎಡಗಾಲು ಆಡುವುದಿಲ್ಲ, ಮನೆಗೆ ಬಂದು ನೋಡುತ್ತೀರಾ, ಎಷ್ಟಾಗುತ್ತದೆ? ಕಳಿಸಿ ನಾಲ್ಕು ತಿಂಗಳಾಗಿತ್ತು. ತಂಗಿ ಅಲ್ಲೇ ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಮಗಳು. ಉತ್ತರ ಬಾರದ ಕಾರಣ ಬೇರೆ ಎಲ್ಲಿಗೂ ಹೋಗಲಿಲ್ಲವಂತೆ. ಎಣ್ಣೆ ಹಚ್ಚಿ ತಿಕ್ಕುತ್ತಿದ್ದರಂತೆ. ಕೈ ಮುಷ್ಟಿ ಕಟ್ಟಿಕೊಂಡು ಹಾಗೇ ಗಟ್ಟಿಯಾಗಿ ನಿಂತಿದೆ ಎಂದರು. ತಂಗಿ ವಿಳಾಸ ಬರೆದುಕೊಂಡಳು, ನಾಳೆ ಬರುತ್ತೇನೆ ಎಂದಳು, ಫೋನ್ ಇಟ್ಟಳು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಪಕ್ಷವಾತ ಆದವರು ಹೆಚ್ಚು ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಿನಲ್ಲಿ. ಆಮೇಲೂ ಸುಧಾರಿಸುತ್ತಾರೆ, ಆದರೆ ಆ ವೇಗ ಇರುವುದಿಲ್ಲ. ಆ ಮೂರು ತಿಂಗಳು ಯಾರೂ ತೆರೆಯದ ಒಂದು ಡಬ್ಬಿಯಲ್ಲಿ ಕಳೆದುಹೋಗಿತ್ತು.

ಸಣ್ಣ ಕ್ಲಿನಿಕ್ಕಿಗೆ ವೆಬ್‌ಸೈಟ್ ಮಾಡುವುದು ಎಂದರೆ ಏನು ಎಂದು ನನಗೆ ಗೊತ್ತಾದದ್ದು ಆ ಸಂಜೆ. ಉತ್ತರ ಕೊಡಲು ಆಗದ ಪ್ರಶ್ನೆಯನ್ನು ಕೇಳಲು ಜನರನ್ನು ಕರೆಯಬಾರದು.

ಹಳೆಯ ಸೈಟಿನ ಕಥೆ ಸ್ವಲ್ಪದರಲ್ಲಿ ಹೇಳುತ್ತೇನೆ. ಪರಿಚಯದವರೊಬ್ಬರು 18,000 ರೂಪಾಯಿ ತೆಗೆದುಕೊಂಡು ಮಾಡಿಕೊಟ್ಟದ್ದು. ಡೊಮೇನ್, ಅಂದರೆ ಸೈಟಿನ ವಿಳಾಸ, ಅವರ ಹೆಸರಿನಲ್ಲಿ, ಅವರ ಇಮೇಲಿನಲ್ಲಿ, ಅವರ ಫೋನ್ ನಂಬರಿನಲ್ಲಿ. ಮರುವರ್ಷ ಅವರು ಗಲ್ಫಿಗೆ ಹೋದರು. ನವೀಕರಣದ ನೆನಪೋಲೆಗಳು ಅವರಿಗೇ ಹೋದವು, ಹಣ ಕಟ್ಟಿದವರಿಲ್ಲ. ಒಂದು ದಿನ ಸೈಟ್ ತೆರೆದರೆ ಕ್ಲಿನಿಕ್ಕೂ ಇಲ್ಲ, ತಂಗಿಯ ಹೆಸರೂ ಇಲ್ಲ. ಯಾವುದೋ ಜಾಹೀರಾತಿನ ಪುಟ. ಅವರು ಕೆಟ್ಟವರೇನೂ ಅಲ್ಲ. ಆದರೆ ಅಂಗಡಿಯ ಬಾಡಿಗೆ ಕರಾರನ್ನು ಬಣ್ಣ ಬಳಿದವರ ಹೆಸರಿನಲ್ಲಿ ಯಾರಾದರೂ ಬರೆಸುತ್ತಾರಾ? ಡೊಮೇನ್ ಕೂಡ ಅಂಥದ್ದೇ ಒಂದು ಕರಾರು. ಯಾರ ಕ್ಲಿನಿಕ್ಕೋ ಅವರ ಇಮೇಲ್, ಅವರ ಫೋನ್, ಅವರ ಕಾರ್ಡ್. ಮಾಡುವವರು ಪಕ್ಕದಲ್ಲಿ ಕೂತು ತೋರಿಸಿಕೊಟ್ಟರೆ ಸಾಕು.

“ಅಕ್ಕ, ನೀನೇ ಮಾಡಿ ಕೊಡ್ತೀಯಾ? ಐದು ಸಾವಿರಕ್ಕಿಂತ ಮೇಲೆ ನನ್ನ ಹತ್ರ ಇಲ್ಲ. ಬೆಡ್ಡಿನ ಸಾಲವೇ ಇನ್ನೂ ಮುಗೀಲಿಲ್ಲ” ಎಂದಳು ತಂಗಿ.

ನಾನು ಹನ್ನೊಂದು ವರ್ಷ ಪ್ರೆಸ್ಸಿನಲ್ಲಿ ಡಿಟಿಪಿ ಮಾಡಿದವಳು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸಹಕಾರಿ ಸಂಘದ ವಾರ್ಷಿಕ ವರದಿ, ಎಲ್ಲ ಈ ಕೈಯಲ್ಲಿ ಹೋಗಿದೆ. ಕಾಗದದ ಕೆಲಸ ಕಡಿಮೆಯಾದ ಮೇಲೆ ಮನೆಯಲ್ಲೇ ಕೂತು ವೆಬ್ ಪುಟ ಮಾಡಲು ಬೇಕಾದ ಎಚ್‌ಟಿಎಂಎಲ್, ಸಿಎಸ್‌ಎಸ್ ಕಲಿತೆ. ಮಾಡುತ್ತೇನೆ ಎಂದೆ. ಒಂದೇ ಒಂದು ಷರತ್ತು ಹಾಕಿದೆ. ಮೊದಲು ಆ 37 ಸಂದೇಶಗಳನ್ನು ಪ್ರಿಂಟ್ ತೆಗೆದು ಕೊಡಬೇಕು, ಹೆಸರು ಮತ್ತು ನಂಬರ್ ಅಳಿಸಿ.

ಆ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿ ವಿಂಗಡಿಸಿದೆ. ಹದಿನಾರು ಜನ ಕೇಳಿದ್ದು ಎಷ್ಟಾಗುತ್ತದೆ ಎಂದು. ಒಂಬತ್ತು ಜನ, ಡಾಕ್ಟ್ರು ಯಾವಾಗ ಇರುತ್ತಾರೆ ಎಂದು. ಏಳು ಜನ, ಮನೆಗೆ ಬರುತ್ತೀರಾ ಎಂದು. ಉಳಿದ ಐದು ಒಂದೊಂದು ರೀತಿ. ಯಾವ ಯಂತ್ರ ಉಂಟು ಎಂದು ಕೇಳಿದವರು ಒಬ್ಬರೂ ಇಲ್ಲ. ಹಳೆಯ ಸೈಟಿನ ಅರ್ಧಕ್ಕರ್ಧ ಯಂತ್ರಗಳ ಫೋಟೋ, ಇಂಗ್ಲಿಷಿನಲ್ಲಿ ಅವುಗಳ ವರ್ಣನೆ. ಉಳಿದರ್ಧ ಎಲ್ಲಿಯವರೋ ಏನೋ, ಬಿಳಿ ಹಲ್ಲು ತೋರಿಸಿ ನಗುವ ಪರದೇಶದ ಅಜ್ಜ ಅಜ್ಜಿಯರು. ಅದರ ಕೆಳಗೆ ಯಾರೂ ಆಡದ ಹೊಗಳಿಕೆಯ ಮಾತುಗಳು. ಜನ ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅಲ್ಲಿ ಉತ್ತರ ಇರಲಿಲ್ಲ.

ಹಾಗಾಗಿ ಒಂದೇ ಪುಟ ಮಾಡುವುದು ಎಂದು ನಿಶ್ಚಯಿಸಿದೆವು. ಮೇಲ್ಗಡೆ ಡಾಕ್ಟ್ರು ಯಾವಾಗ ಇರುತ್ತಾರೆ ಎಂದು. ಅದರ ಕೆಳಗೆ ಫೋನ್ ನಂಬರ್, ಮುಟ್ಟಿದರೆ ಕರೆ ಹೋಗುವ ಹಾಗೆ. ಆಮೇಲೆ ಶುಲ್ಕ, ದಾರಿ, ಮನೆಗೆ ಬರುವ ವಿಷಯ. ಅರ್ಜಿ ಇಲ್ಲ. ಯಾರ ರೋಗದ ವಿವರವನ್ನೂ ಆ ಪುಟ ಕೇಳುವುದಿಲ್ಲ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂದಿದೆ. ಕಾನೂನು ಇರಲಿ ಇಲ್ಲದಿರಲಿ, ಒಬ್ಬ ಹೆಂಗಸು ತನ್ನ ಸೊಂಟದ ತೊಂದರೆಯನ್ನು ಬರೆದು ಕಳಿಸಿದರೆ ಅದು ಯಾರ ಕಂಪ್ಯೂಟರಿನಲ್ಲಿ ಕೂರುತ್ತದೆ ಎಂದು ನಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕೇಳಬಾರದು.

ಶುಲ್ಕ ಹಾಕುವ ವಿಷಯದಲ್ಲಿ ತಂಗಿ ಹಿಂದೆ ಮುಂದೆ ನೋಡಿದಳು. “ಹಾಗೆಲ್ಲ ರೇಟು ಬರೆದ್ರೆ ಅಂಗಡಿ ಹಾಗೆ ಕಾಣುದಿಲ್ವಾ ಅಕ್ಕ?” ನಾನು ಪ್ರಿಂಟನ್ನು ಅವಳ ಕೈಗೆ ಕೊಟ್ಟೆ. ಅವಳಲ್ಲಿಗೆ ಬರುವವರು ಯಾರು? ಬೀಡಿ ಕಟ್ಟಿ ಕಟ್ಟಿ ಕುತ್ತಿಗೆ, ಹೆಗಲು ಹೋದವರು. ಅಡಿಕೆ ಮರ ಹತ್ತಿ ಮದ್ದು ಸಿಂಪಡಿಸಿ ಸಿಂಪಡಿಸಿ ಮೊಣಗಂಟು ಸವೆದವರು. ದಿನವಿಡೀ ಕೂತು ಅಡಿಕೆ ಸುಲಿಯುವವರು. ಒಂದು ದಿನ ಕೆಲಸ ಬಿಟ್ಟು, ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಬಸ್ಸಿನಲ್ಲಿ ಬಂದು, ಕೈಯಲ್ಲಿ ಹಣ ಸಾಲದೆ ಮುಖ ಸಣ್ಣ ಮಾಡಿಕೊಂಡು ಹೋಗುವುದಕ್ಕಿಂತ ಮೊದಲೇ ಗೊತ್ತಿರುವುದು ಒಳ್ಳೆಯದಲ್ಲವಾ? ಒಂದು ಸಲಕ್ಕೆ 300 ರೂಪಾಯಿ, ಎಂಟು ಕಿಲೋಮೀಟರಿನ ಒಳಗೆ ಮನೆಗೆ ಬಂದರೆ 500, ಎಷ್ಟು ಸಲ ಬರಬೇಕು ಎಂಬುದನ್ನು ಮೊದಲ ದಿನ ಪರೀಕ್ಷಿಸಿ ಹೇಳುತ್ತೇವೆ. ಮೂರು ಸಾಲು. ತಂಗಿಯೇ ಕೊನೆಗೆ ಇನ್ನೊಂದು ಸೇರಿಸಿದಳು: ಕೊಡಲು ಕಷ್ಟ ಇದ್ದರೆ ಬಂದು ಹೇಳಿ.

ಅವಳು ಈ ಊರಿನಲ್ಲಿ ಕ್ಲಿನಿಕ್ ಹಾಕಿದ್ದೇ ಒಂದು ಕಷ್ಟದ ದೆಸೆಯಿಂದ. ಮಂಗಳೂರಿನಲ್ಲಿ ಓದಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ಕೇರಳ ಕರ್ನಾಟಕದ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳಲ್ಲಿ ಕೆಲವರು ದಾರಿ ಸಿಗದೆ ತೀರಿಹೋದದ್ದು ಇಲ್ಲಿ ಎಲ್ಲರಿಗೂ ನೆನಪಿದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಆದರೆ ಜ್ವರ ಬಂದರೆ ಕಾಲು ಮಂಗಳೂರಿನ ಕಡೆಗೇ ನಡೆಯುತ್ತಿತ್ತು. ಆ ದಿನಗಳಲ್ಲಿ ತಂಗಿ ಈ ಕಡೆಯ ತನ್ನ ರೋಗಿಗಳಿಗೆ ವಾಟ್ಸಾಪ್ ವಿಡಿಯೋದಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದಳು. ಎದುರಿನವರ ಫೋನನ್ನು ಮೊಮ್ಮಗ ಹಿಡಿದುಕೊಳ್ಳುವುದು, ಸಿಗ್ನಲ್ ಹೋಗುವುದು, ಅಜ್ಜಿಯ ಕಾಲು ಅರ್ಧ ಎತ್ತಿದಲ್ಲಿಗೇ ಚಿತ್ರ ನಿಲ್ಲುವುದು. ಗಡಿ ತೆರೆದ ಮೇಲೆ ಅವಳು ಕೆಲಸ ಬಿಟ್ಟು ಊರಿಗೆ ಬಂದಳು.

ಇನ್ನು ಭಾಷೆ. ಹಣಕ್ಕಿಂತ ಹೆಚ್ಚು ಖರ್ಚಾದದ್ದು ಇದಕ್ಕೇ.

ಕಾಸರಗೋಡಿಗೆ ಸಪ್ತಭಾಷೆಗಳ ನಾಡು ಎಂದು ಹೆಸರು. ಭಾಷಣದಲ್ಲಿ ಹೇಳಲು ಚೆಂದ. ಪುಟ ಮಾಡಲು ಕೂತಾಗ ಒಂದೊಂದು ಶಬ್ದಕ್ಕೂ ನಿಂತು ನಿಂತು ಹೋಗಬೇಕು. ನಾನು ಮೊದಲು ‘ಕಟಿಶೂಲೆ’ ಎಂದು ಬರೆದಿದ್ದೆ. ತಂಗಿ ಓದಿ, ಇದು ಯಾರಿಗೆ ಆಗುವ ಕಾಯಿಲೆ ಎಂದು ಕೇಳಿದಳು. ‘ಸೊಂಟನೋವು’ ಎಂದು ತಿದ್ದಿದೆ. ಆದರೆ ನಮ್ಮಲ್ಲಿ ಬಾಯಲ್ಲಿ ಬರುವುದು ‘ಸೊಂಟಬೇನೆ’. ಕನ್ನಡದವರೂ ಹಾಗೇ ಹೇಳುವುದು, ತುಳುವರೂ ಹಾಗೇ. ಮಲಯಾಳದಲ್ಲಿ ‘ನಡುವೇದನ’. ಬೇನೆ ಎಂದೇ ಬರೆದೆವು, ಒಂದು ಕಡೆ ನೋವು ಎಂದೂ ಸೇರಿಸಿದೆವು, ಗೂಗಲಿನಲ್ಲಿ ಹುಡುಕುವವರು ಆ ಶಬ್ದ ಹಾಕುತ್ತಾರೆಂದು.

ಹೆಗಲಿನದ್ದು ಇನ್ನೂ ಕಷ್ಟವಾಯಿತು. ‘ಫ್ರೋಜನ್ ಶೋಲ್ಡರ್’ ಎಂದರೆ ಓದಿದವರಿಗೆ ಗೊತ್ತು. ನಲವತ್ತರಿಂದ ಅರವತ್ತರ ನಡುವಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಅದಕ್ಕೆ ಕನ್ನಡದಲ್ಲಿ ಏನು ಬರೆಯುವುದು? ‘ಹೆಪ್ಪುಗಟ್ಟಿದ ಭುಜ’ ಎಂದು ಯಾರೋ ಬರೆದಿದ್ದನ್ನು ನೋಡಿದ್ದೇನೆ. ಓದಿದರೆ ಮೊಸರು ನೆನಪಾಗುತ್ತದೆ. ಕೊನೆಗೆ ತಂಗಿ ಹೇಳಿದಳು, “ಅವ್ರು ನನ್ನ ಹತ್ರ ಬಂದು ಹೇಳುದನ್ನೇ ಬರೆ ಅಕ್ಕ.” ಅವರು ಹೇಳುವುದು ಹೀಗೆ: ಕೈ ಮೇಲೆ ಎತ್ತಲು ಆಗುವುದಿಲ್ಲ. ಹಿಂದೆ ಕೈ ಹಾಕಿ ಜಡೆ ಕಟ್ಟಲು ಆಗುವುದಿಲ್ಲ. ಅಟ್ಟದಿಂದ ಡಬ್ಬಿ ತೆಗೆಯಲು ಆಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಕಾಯಿಲೆಯ ಹೆಸರೇ ಇಲ್ಲದೆ ಈ ನಾಲ್ಕು ಸಾಲುಗಳನ್ನು ಹಾಕಿದೆವು. ಮೊನ್ನೆ ಒಬ್ಬ ಟೀಚರ್ ಬಂದವರು, ನನ್ನದು ಆ ಜಡೆಯದ್ದು ಎಂದರಂತೆ.

ಒಂದು ಶಬ್ದಕ್ಕೆ ನಾವಿಬ್ಬರೂ ಎರಡು ದಿನ ಜಗಳ ಮಾಡಿದ್ದೂ ಉಂಟು. ಫಿಸಿಯೋದಲ್ಲಿ ಬಳಸುವ ವಿದ್ಯುತ್ ಯಂತ್ರಕ್ಕೆ ನಮ್ಮ ಜನ ಹೇಳುವುದು ‘ಕರೆಂಟ್ ಕೊಡುವುದು’ ಎಂದು. ಅದನ್ನೇ ಬರೆಯೋಣ ಎಂದು ನಾನು. ಬೇಡ ಎಂದು ಅವಳು. “ಕರೆಂಟ್ ಕೊಟ್ರೆ ಮುಗೀತು ಅಂತ ತಿಳ್ಕೊಂಡೇ ಬರ್ತಾರೆ. ವ್ಯಾಯಾಮ ಮಾಡಿ ಅಂದ್ರೆ, ಅದು ಬೇಡ ಡಾಕ್ಟ್ರೇ, ಕರೆಂಟೇ ಜಾಸ್ತಿ ಕೊಡಿ ಅಂತಾರೆ.” ಅವಳ ಮಾತು ಸರಿ. ನೋವು ತಗ್ಗಿಸಲು ಯಂತ್ರ ಸ್ವಲ್ಪ ಸಹಾಯ ಮಾಡುತ್ತದೆ, ಸ್ನಾಯುವಿಗೆ ಬಲ ಬರುವುದು ವ್ಯಾಯಾಮದಿಂದ. ಈಗ ಪುಟದಲ್ಲಿ ಇರುವುದು ಹೀಗೆ: “ಬೇಕಾದವರಿಗೆ ಕರೆಂಟ್ ಕೊಡುತ್ತೇವೆ. ಆದರೆ ಹೆಚ್ಚಿನ ಗುಣ ಮನೆಯಲ್ಲಿ ದಿನಾ ಮಾಡುವ ವ್ಯಾಯಾಮದಿಂದ.” ಹನ್ನೊಂದು ವರ್ಷದಲ್ಲಿ ನಾನು ಜೋಡಿಸಿದ ಸಾವಿರಾರು ಸಾಲುಗಳಲ್ಲಿ ನನಗೆ ತೃಪ್ತಿ ಕೊಟ್ಟ ಕೆಲವೇ ಸಾಲುಗಳಲ್ಲಿ ಇದೂ ಒಂದು.

ಮಲಯಾಳದ ಬರಹವನ್ನು ನೆರೆಮನೆಯ ಟೀಚರ್ ಬರೆದುಕೊಟ್ಟರು. ಹಣ ಬೇಡ ಎಂದರು. ಒಂದು ಗೊನೆ ಕದಳಿ ಬಾಳೆಹಣ್ಣು ಕೊಟ್ಟು ಬಂದೆ. ಕನ್ನಡ ಮೇಲೆ ಬರಬೇಕಾ ಮಲಯಾಳವಾ ಎಂಬ ಪ್ರಶ್ನೆ ಬಂತು. ಇಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಬಸ್ಸಿನ ಬೋರ್ಡಿನಿಂದ ಆಸ್ಪತ್ರೆಯ ಚೀಟಿಯವರೆಗೆ ಓದಲು ಬಾರದ ಅಕ್ಷರದ ಎದುರು ನಿಂತು ಇನ್ನೊಬ್ಬರನ್ನು ಕೇಳುವ ಹಿರಿಯರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಸರಕಾರಕ್ಕೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕನ್ನು ಕೇರಳದ 1969ರ ಭಾಷಾ ಕಾನೂನೇ ನಮಗೆ ಕೊಟ್ಟಿದೆ. ಆದರೆ ಬೇನೆ ಇಟ್ಟುಕೊಂಡು ನಿಂತವರಿಗೆ ಹಕ್ಕಿನ ಕಾಗದ ತೋರಿಸಿ ಏನು ಮಾಡುವುದು? ಅವರಿಗೆ ಎದುರಿಗಿರುವುದು ಓದಲು ಬರಬೇಕು. ಹಾಗಾಗಿ ಪುಟ ತೆರೆದ ಕೂಡಲೆ ಕನ್ನಡ, ಪಕ್ಕದಲ್ಲೇ ದೊಡ್ಡ ಗುಂಡಿಯಲ್ಲಿ ಮಲಯಾಳ. ಮಲಯಾಳ ಮಾತಾಡುವ ಅಜ್ಜನಿಗೂ ಅಷ್ಟೇ ಮರ್ಯಾದೆ ಆಗಬೇಕು. ನಮಗೆ ಆಗಿದ್ದನ್ನು ನಾವು ಇನ್ನೊಬ್ಬರಿಗೆ ಮಾಡಬಾರದು.

ಊರಿನ ಹೆಸರುಗಳನ್ನೂ ಎರಡೆರಡು ರೀತಿ ಬರೆಯಬೇಕಾಯಿತು. ನಮ್ಮ ಕುಂಬಳೆ ಮಲಯಾಳದಲ್ಲಿ ಕುಂಬಳ, ಮಂಜೇಶ್ವರ ಮಂಜೇಶ್ವರಂ. ಹುಡುಕುವವರು ಯಾವುದನ್ನು ಹಾಕುತ್ತಾರೋ ಅದು ಪುಟದಲ್ಲಿ ಎಲ್ಲಾದರೂ ಇದ್ದರೆ ಸುಲಭವಾಗಿ ಸಿಗುತ್ತದೆ.

ಅಕ್ಷರದ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚೇ ಹೇಳಲಿಕ್ಕುಂಟು, ಅದು ನನ್ನ ಕಸುಬು. ಪ್ರೆಸ್ಸಿನ ಹಳೆಯ ಕಡತಗಳೆಲ್ಲ ಹಳೆಯ ಕಾಲದ ಫಾಂಟುಗಳಲ್ಲಿ ಇವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರವನ್ನು ಕೂರಿಸಿದಂಥವು. ಕಾಗದದ ಮೇಲೆ ಚೆಂದ, ವೆಬ್ಬಿಗೆ ಹಾಕಿದರೆ ಅರ್ಥವಿಲ್ಲದ ಗೀಚು. ತಂಗಿಯ ಲೆಟರ್‌ಹೆಡ್ಡಿನಿಂದ ವಿಳಾಸ ನಕಲು ಮಾಡಿದಾಗ ಬಂದದ್ದು ಅದೇ. ಎಲ್ಲವನ್ನೂ ಯುನಿಕೋಡಿನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇರುವ ವ್ಯವಸ್ಥೆಯಲ್ಲಿ, ಹೊಸದಾಗಿ ಟೈಪ್ ಮಾಡಿದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಆದರೂ ಇವತ್ತಿಗೂ ಎಷ್ಟೋ ಕನ್ನಡ ಸೈಟುಗಳಲ್ಲಿ ಮಾತುಗಳನ್ನು ಚಿತ್ರವಾಗಿ ಅಂಟಿಸಿರುತ್ತಾರೆ. ಚಿತ್ರವನ್ನು ಹುಡುಕಲು ಆಗುವುದಿಲ್ಲ, ದೊಡ್ಡದು ಮಾಡಿದರೆ ಒಡೆಯುತ್ತದೆ, ಕಣ್ಣು ಕಾಣದವರ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ.

ಫಾಂಟಿಗೆ ಒಂದು ಪೈಸೆ ಖರ್ಚು ಮಾಡಲಿಲ್ಲ. ಈಗಿನ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಕನ್ನಡ ಎಂಬ ಫಾಂಟು ಮೊದಲೇ ಇರುತ್ತದೆ. ಅದನ್ನೇ ಬಳಸಿದರೆ ಬೇರೆ ಫಾಂಟು ಇಳಿಸುವ ಕೆಲಸವೂ ಇಲ್ಲ, ಪುಟವೂ ಹಗುರ. ಗಮನ ಕೊಡಬೇಕಾದ್ದು ಸಾಲಿನ ಎತ್ತರಕ್ಕೆ. ಇಂಗ್ಲಿಷಿಗೆ ಮಾಡಿದ ವಿನ್ಯಾಸವನ್ನು ಹಾಗೇ ಇಟ್ಟರೆ ನಮ್ಮ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗುತ್ತದೆ. ‘ಸ್ತ್ರೀ’, ‘ಶಸ್ತ್ರಚಿಕಿತ್ಸೆ’ ಎಂದು ಬರೆದು ಗುಂಡಿಯೊಳಗೆ ಹಾಕಿ ನೋಡಿ, ಕೆಳಗಿನ ‘ತ್ರ’ದ ಬಾಲ ಕಾಣುವುದಿಲ್ಲ. ಅಕ್ಷರದ ಅಳತೆಗೆ 1.7 ಪಟ್ಟು ಸಾಲಿನ ಎತ್ತರ ಕೊಟ್ಟೆ. ಅಕ್ಷರವನ್ನು 19 ಪಿಕ್ಸೆಲಿಗೆ ಏರಿಸಿದೆ, ಓದುವವರಲ್ಲಿ ಅರ್ಧ ಜನ ಕನ್ನಡಕ ಮರೆತು ಬರುವವರು. ಪುಟದ ಸುರುವಿಗೆ ಇದು ಕನ್ನಡ ಎಂದು ಬ್ರೌಸರಿಗೆ ತಿಳಿಸುವ ಒಂದು ಸಣ್ಣ ಗುರುತು ಹಾಕಬೇಕು, ಅದನ್ನು ಹೆಚ್ಚಿನವರು ಬಿಡುತ್ತಾರೆ. ಆ ಗುರುತು ಇದ್ದರೆ ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯ ದನಿಯಲ್ಲಿ ಓದಬೇಕು ಎಂದು ಗೊತ್ತಾಗುತ್ತದೆ.

ತೋಟದ ಹೊಂಡದಲ್ಲಿರುವ ಮನೆಗಳಿಗೆ ಸಿಗ್ನಲ್ ಬರುವುದೇ ಕಷ್ಟ. ಕ್ಲಿನಿಕ್ಕಿನ ಬಾಗಿಲಿನ ಫೋಟೋ ಫೋನಿನಲ್ಲಿ ತೆಗೆದದ್ದು 4 ಎಂಬಿ ಇತ್ತು, ಅದನ್ನು 70 ಕೆಬಿಗೆ ಇಳಿಸಿದೆ. ಇಡೀ ಪುಟ 200 ಕೆಬಿಯ ಒಳಗೆ.

ಬಾಗಿಲಿನ ಫೋಟೋ ಏಕೆಂದರೆ, ಮೊಣಗಂಟು ಬೇನೆಯವರು ಮೊದಲು ನೋಡುವುದು ಮೆಟ್ಟಿಲನ್ನು. ತಂಗಿ ಹೆಚ್ಚು ಬಾಡಿಗೆ ಕೊಟ್ಟು ನೆಲ ಅಂತಸ್ತಿನಲ್ಲೇ ಕೋಣೆ ಹಿಡಿದದ್ದು ಅದಕ್ಕೇ. “ಮೆಟ್ಟಿಲು ಎರಡೇ. ಪಕ್ಕದಲ್ಲಿ ಹಿಡಿಯಲು ಕಂಬಿ ಉಂಟು. ಆಟೋ ಬಾಗಿಲವರೆಗೆ ಬರುತ್ತದೆ” ಎಂದು ಫೋಟೋದ ಕೆಳಗೆ ಬರೆದೆವು.

ಒಳಗಿನ ಫೋಟೋಗಳಲ್ಲಿ ರೋಗಿಗಳು ಯಾರೂ ಇಲ್ಲ. ಖಾಲಿ ಮಂಚ, ಗೋಡೆಗೆ ಹಾಕಿದ ಏಣಿ, ತಂಗಿಯ ಮುಖ. ರೋಗಿಯ ಫೋಟೋ ಹಾಕಿದರೆ ನಂಬಿಕೆ ಬರುತ್ತದೆ ಎಂದು ಹೇಳಿದವರಿದ್ದರು. ತಂಗಿ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಅವಳು ವಾರಕ್ಕೆ ಎರಡು ದಿನ ಎಣ್ಮಕಜೆಯ ಕಡೆಗೆ ಮನೆಗಳಿಗೆ ಹೋಗುತ್ತಾಳೆ. ಅಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಲೋಕಕ್ಕೇ ಗೊತ್ತು. ಅದಕ್ಕೆ ಸಿಕ್ಕಿ ನರಳಿದ ಆ ಕಡೆಯ ಮಕ್ಕಳ ಫೋಟೋಗಳನ್ನೂ ಲೋಕವೆಲ್ಲ ನೋಡಿದೆ. ನ್ಯಾಯ ಕೇಳಲು ಆ ಫೋಟೋಗಳು ಬೇಕಾಗಿದ್ದವು, ಅದು ನನಗೆ ಅರ್ಥವಾಗುತ್ತದೆ. ಆದರೆ ಫೋಟೋ ತೆಗೆಸಿಕೊಂಡವರು ಬೆಳೆದು ದೊಡ್ಡವರಾದ ಮೇಲೂ ಆ ಚಿತ್ರ ಅವರ ಹಿಂದೆ ಬರುತ್ತಲೇ ಇದೆ. ಒಂದು ಸಣ್ಣ ಕ್ಲಿನಿಕ್ಕಿಗೆ ನಾಲ್ಕು ಜನ ಹೆಚ್ಚು ಬರಲಿ ಎಂದು ಇನ್ನೊಬ್ಬರ ದೇಹವನ್ನು ತೋರಿಸುವುದು ನಮ್ಮಿಂದ ಆಗದು.

ಗುಣಪಡಿಸುತ್ತೇವೆ ಎಂಬ ಮಾತೂ ಎಲ್ಲಿಯೂ ಇಲ್ಲ. ಪ್ರೆಸ್ಸಿನಲ್ಲಿದ್ದಾಗ ‘ನೂರಕ್ಕೆ ನೂರು ಗ್ಯಾರಂಟಿ’ ಎಂದು ಮದ್ದಿನ ಹ್ಯಾಂಡ್‌ಬಿಲ್ಲು ಮಾಡಿಸಲು ಬರುವವರಿದ್ದರು. ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವುಗಳಿಗೆ ಹಾಗೆ ಮದ್ದಿನ ಜಾಹೀರಾತು ಕೊಡಬಾರದು ಎಂದು 1954ರಿಂದ ಕಾನೂನೇ ಇದೆ ಎಂದು ನಮ್ಮ ಧಣಿಗಳು ಹೇಳಿ ವಾಪಸ್ ಕಳಿಸುತ್ತಿದ್ದರು. ಅಲ್ಲಿ ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬಂತು. ತಂಗಿಯ ಹೆಸರಿನ ಮುಂದೆ ‘ಡಾ.’ ಕೂಡ ಹಾಕಲಿಲ್ಲ. ಜನ ಹೇಗೂ ಡಾಕ್ಟ್ರು ಎಂದೇ ಕರೆಯುತ್ತಾರೆ. ಅವಳು ತಾನು ಓದಿದ್ದನ್ನೇ ಬರೆಸಿದಳು: ಫಿಸಿಯೋಥೆರಪಿಸ್ಟ್, ಬಿ.ಪಿ.ಟಿ.

ಆದರೆ ಒಂದು ಭಾಗವನ್ನು ಅವಳೇ ಹಟ ಹಿಡಿದು ಬರೆಸಿದಳು. ‘ಇಲ್ಲಿಗೆ ಬರಬೇಡಿ’ ಎಂಬ ತಲೆಬರಹದ ಭಾಗ. ಕ್ಲಿನಿಕ್ಕಿನ ಪುಟದಲ್ಲಿ ಬರಬೇಡಿ ಎಂದು ಬರೆಯುವುದಾ ಎಂದು ಚಿಕ್ಕಮ್ಮ ಗಾಬರಿಯಾದರು. ತಂಗಿ ಹೇಳಿದ್ದನ್ನು ನಾನು ಅವಳ ಮಾತಿನಲ್ಲೇ ಟೈಪ್ ಮಾಡಿದೆ. ಇದ್ದಕ್ಕಿದ್ದಂತೆ ಮುಖದ ಒಂದು ಕಡೆ ಜೋತುಬಿದ್ದರೆ, ಒಂದು ಕೈಗೆ ಬಲ ಹೋದರೆ, ಮಾತು ತೊದಲಿದರೆ ಇಲ್ಲಿಗೆ ಬರಬೇಡಿ, ಎಣ್ಣೆ ಹಚ್ಚುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದೂ ಬೇಗ ಆದಷ್ಟು ಒಳ್ಳೆಯದು. ಸೊಂಟಬೇನೆಯ ಜೊತೆಗೆ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ತೊಡೆಗಳ ಸಂದಿನಲ್ಲಿ ಮರಗಟ್ಟಿದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಎಡಹೆಗಲಿನ ಬೇನೆಯ ಜೊತೆ ಎದೆ ಹಿಡಿದ ಹಾಗಾದರೆ, ಬೆವರಿದರೆ, ಅದು ಹೆಗಲಿನದ್ದಲ್ಲ, ಹೃದಯದ್ದಿರಬಹುದು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ಈ ಭಾಗ ಶುಲ್ಕಕ್ಕಿಂತ ಮೇಲೆ ಉಂಟು. ನಾನು ಮಾಡಿದ ಕೆಲಸದಲ್ಲಿ ಒಂದನ್ನು ಮಾತ್ರ ಉಳಿಸಿ ಉಳಿದದ್ದನ್ನೆಲ್ಲ ಅಳಿಸಿ ಎಂದರೆ ಇದನ್ನು ಉಳಿಸುತ್ತೇನೆ.

ಲೆಕ್ಕ ಹೇಳಿಬಿಡುತ್ತೇನೆ, ಕೇಳುವವರಿದ್ದಾರೆ. ಡಾಟ್ ಇನ್ ಡೊಮೇನಿಗೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದೆವು, 2,300 ರೂಪಾಯಿಯ ಹತ್ತಿರ ಆಯಿತು. ಮೊದಲ ವರ್ಷ 99 ರೂಪಾಯಿ ಎಂದು ತೋರಿಸುವವರಿದ್ದಾರೆ. ಎರಡನೇ ವರ್ಷದ ದರ ಎಷ್ಟು ಎಂದು ಕೆಳಗಿನ ಸಣ್ಣಕ್ಷರವನ್ನು ಓದಬೇಕು. ಡಾಟ್ ಭಾರತ ಎಂದು ಕನ್ನಡ ಅಕ್ಷರದಲ್ಲೇ ಡೊಮೇನ್ ಸಿಗುತ್ತದೆ, ನನಗೆ ಬಹಳ ಆಸೆಯಿತ್ತು, ಆದರೆ ಫೋನಿನಲ್ಲಿ ಒಬ್ಬರಿಗೆ ಹೇಳಿ ಬರೆಸುವಾಗ ಕಷ್ಟವಾಗುತ್ತದೆಂದು ಬಿಟ್ಟೆವು. ಪುಟ ಇಡುವ ಜಾಗಕ್ಕೆ ಖರ್ಚಿಲ್ಲ. ಬದಲಾಗದ ಸಾದಾ ಪುಟಗಳನ್ನು ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್ ಮುಂತಾದ ಕಡೆ ಪುಕ್ಕಟೆ ಇಡಬಹುದು. ಬೀಗದ ಗುರುತಿನ ಎಸ್‌ಎಸ್‌ಎಲ್ ಪ್ರಮಾಣಪತ್ರವೂ ಅಲ್ಲೇ ಪುಕ್ಕಟೆ ಬರುತ್ತದೆ. ಅದಕ್ಕೆಂದು ವರ್ಷಕ್ಕೆ ಸಾವಿರಗಟ್ಟಲೆ ಕೇಳಿದರೆ ಸಣ್ಣ ಕ್ಲಿನಿಕ್ಕಿನವರು ಕೊಡಬೇಕಾಗಿಲ್ಲ. ಕ್ಲಿನಿಕ್ಕಿಗೇ ಬೇರೆ ಸಿಮ್, ಅದರಲ್ಲಿ ವಾಟ್ಸಾಪ್ ಬಿಸಿನೆಸ್. ಕ್ಯೂಆರ್ ಕೋಡಿನ ಸಣ್ಣ ಬೋರ್ಡು ಮಾಡಿಸಲು 650. ಎಲ್ಲ ಸೇರಿ 3,300ರ ಒಳಗೆ. ಉಳಿದ ಹಣದಲ್ಲಿ ತಂಗಿ ಮೆಟ್ಟಿಲಿನ ಪಕ್ಕದ ಕಂಬಿಗೆ ರಬ್ಬರ್ ಹಿಡಿ ಹಾಕಿಸಿದಳು.

ಗೂಗಲ್ ಮ್ಯಾಪಿನ ಗುರುತು ಎರಡು ಕಟ್ಟಡ ಆಚೆಗೆ ತೋರಿಸುತ್ತಿತ್ತು, ಒಂದು ಗೊಬ್ಬರದ ಅಂಗಡಿಗೆ. ಗೂಗಲಿನ ಬಿಸಿನೆಸ್ ಪ್ರೊಫೈಲ್ ಪುಕ್ಕಟೆಯದ್ದು. ಬೋರ್ಡು, ಬಾಗಿಲು, ರಸ್ತೆ ಕಾಣುವ ಹಾಗೆ ವಿಡಿಯೋ ಮಾಡಿ ಕಳಿಸಿ ದೃಢಪಡಿಸಿಕೊಂಡೆವು. ನಿಜ ಹೇಳುವುದಾದರೆ, ಹೊಸಬರು ಹೆಚ್ಚಾಗಿ ಬರುವುದು ಅಲ್ಲಿಂದಲೇ. ಪೂರ್ತಿ ಸೈಟಿಗೆ ಹಣ ಇಲ್ಲದವರು ಅದೊಂದನ್ನು ಸರಿಯಾಗಿ ಇಟ್ಟುಕೊಂಡರೂ ಆಗುತ್ತದೆ.

ಪುಟ ಏರಿಸುವ ಮೊದಲು ಒಬ್ಬರಿಗೆ ತೋರಿಸಿದೆ. ಕ್ಲಿನಿಕ್ಕಿಗೆ ಬರುವ ಬೀಡಿ ಕಟ್ಟುವ ಅಕ್ಕ, ಮನೆಮಾತು ಬ್ಯಾರಿ, ಶಾಲೆಗೆ ಹೋದದ್ದು ಕನ್ನಡ ಮಾಧ್ಯಮದಲ್ಲಿ. ಅವರ ಕೈಗೆ ಫೋನ್ ಕೊಟ್ಟು ಸುಮ್ಮನೆ ಕೂತೆ. ಅವರ ಹೆಬ್ಬೆರಳಿನ ಉಗುರಿನ ಅಂಚು ಎಲೆ ಮಡಿಸಿ ಮಡಿಸಿ ಸವೆದಿತ್ತು. ಆ ಹೆಬ್ಬೆರಳಲ್ಲಿ ಪುಟವನ್ನು ಮೇಲೆ ಕೆಳಗೆ ಜಾರಿಸಿದರು. ಎಲ್ಲ ಓದಿ ಮುಗಿಸಿ ಕೇಳಿದರು, “ಒಳ್ಳೇದುಂಟು ಅಕ್ಕ. ಆದ್ರೆ ಇವತ್ತು ಡಾಕ್ಟ್ರು ಇದ್ದಾರಾ?”

ಅಲ್ಲಿ ‘ಸೋಮವಾರದಿಂದ ಶನಿವಾರ, 9ರಿಂದ 1, 3ರಿಂದ 6’ ಎಂದು ಇತ್ತು. ಅವತ್ತು ಶನಿವಾರ. ತಂಗಿ ಮಧ್ಯಾಹ್ನ ಮೇಲೆ ಒಂದು ಪೂಜೆಗೆ ಹೋಗುವವಳಿದ್ದಳು. ಪುಟ ಸುಳ್ಳು ಹೇಳುತ್ತಿತ್ತು. ವೇಳಾಪಟ್ಟಿ ಬೇರೆ, ಇವತ್ತು ಬೇರೆ. ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಬೇಕಾದದ್ದು ಇವತ್ತು.

ಅದನ್ನು ಸರಿಪಡಿಸಲು ನನಗೆ ಒಂದು ವಾರ ಹಿಡಿಯಿತು, ಸುಲಭದ ದಾರಿ ಹುಡುಕಲು. ಈಗ ಒಂದೇ ಸಾಲಿನ ಒಂದು ಸಣ್ಣ ಕಡತ ಉಂಟು. ತಂಗಿ ಬೆಳಿಗ್ಗೆ ಕಾಫಿ ಕುಡಿಯುವಾಗ ಫೋನಿನಲ್ಲೇ ಅದನ್ನು ತೆರೆದು ಬರೆಯುತ್ತಾಳೆ: ಇವತ್ತು ಇದ್ದೇನೆ, ಸಂಜೆ 4ರವರೆಗೆ. ಎರಡು ನಿಮಿಷದಲ್ಲಿ ಪುಟದ ಮೇಲ್ತುದಿಯಲ್ಲಿ ತಾರೀಕಿನ ಜೊತೆ ಅದು ಬರುತ್ತದೆ. ಅವಳು ಬರೆಯಲು ಮರೆತ ದಿನ ನಿನ್ನೆಯ ಸಾಲು ಕಾಣಿಸುವುದಿಲ್ಲ, ‘ಫೋನ್ ಮಾಡಿ ಕೇಳಿ ಬನ್ನಿ’ ಎಂದು ಬರುತ್ತದೆ. ಹಳೆಯ ಉತ್ತರಕ್ಕಿಂತ ಅದು ವಾಸಿ.

ಓದಲು ಬಾರದವರಿಗೆ ಏನು ಮಾಡುವುದು ಎಂಬುದು ಉಳಿದಿತ್ತು. ತುಳುವಿನದ್ದೇ ಲಿಪಿ 2024ರಲ್ಲಿ ಯುನಿಕೋಡಿಗೆ ಸೇರಿತು, ಅದು ದೊಡ್ಡ ಸಂತೋಷದ ಸುದ್ದಿ. ಆದರೆ ನಮ್ಮ ಪುಟಕ್ಕೆ ಬರುವ ತುಳು ಅಜ್ಜಿಗೆ ಬೇಕಾದದ್ದು ದನಿ. ತಂಗಿ ತುಳುವಿನಲ್ಲಿ ನಲವತ್ತು ಸೆಕೆಂಡು ಮಾತಾಡಿದ್ದನ್ನು ರೆಕಾರ್ಡ್ ಮಾಡಿದೆವು. ಎಲ್ಲಿಗೆ ಬರಬೇಕು, ಎಷ್ಟಾಗುತ್ತದೆ, ಯಾವಾಗ ನೇರ ಆಸ್ಪತ್ರೆಗೆ ಹೋಗಬೇಕು. ಹಂಚಿನ ಮೇಲೆ ಮಳೆಯ ಸದ್ದು ಜೋರಾಗಿದ್ದರಿಂದ ಮಂಚದ ಮೇಲೆ ಕೂತು ಇಬ್ಬರೂ ಒಂದು ದಪ್ಪ ಕಂಬಳಿ ಹೊದ್ದುಕೊಂಡು ಅದರೊಳಗೆ ಫೋನ್ ಹಿಡಿದೆವು. ಮೂರನೇ ಸಲಕ್ಕೆ ಸರಿಯಾಯಿತು. ಹಿಂದೆ ಸಣ್ಣಗೆ ಮಳೆ ಕೇಳಿಸುತ್ತದೆ, ಇರಲಿ ಎಂದು ಬಿಟ್ಟೆವು.

ಬ್ಯಾರಿಯಲ್ಲಿ ಹೇಳಲು ಆ ಬೀಡಿ ಕಟ್ಟುವ ಅಕ್ಕ ಒಪ್ಪಿದ್ದಾರೆ. ಏನು ಹೇಳಬೇಕು ಎಂದು ಬರೆದು ಕೊಡಲಾ ಎಂದು ಕೇಳಿದೆ. ಬೇಡ, ನನಗೆ ಗೊತ್ತುಂಟು ಎಂದರು. ಭಾನುವಾರ ಬರುತ್ತಾರೆ.